ಬೆಳೆದದ್ದು ಊರೋ, ಊರಿನವರೋ?

ಬೆಂಗಳೂರಿನಿಂದ ಹೈದರಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ನಲವತ್ತು ಕಿಲೋಮೀಟರು ಕ್ರಮಿಸಿದರೆ ದೇವನಹಳ್ಳಿಯು ಸಿಕ್ಕುತ್ತದೆ. ಕೋಟೆಯಿಂದಲೂ, ಟಿಪ್ಪು ಸುಲ್ತಾನನ ಜನ್ಮಸ್ಥಳವೆಂಬ ಕಾರಣದಿಂದಲೂ ಈ ಊರಿನ ಹೆಸರು ಇತಿಹಾಸದಲ್ಲಿ ನಿಂತಿದೆ. ಡಿ. ವಿ. ಗುಂಡಪ್ಪನವರ ಹೆಸರಿನ ಮೊದಲಕ್ಷರವು ಸೂಚಿಸುವುದು ಈ ಊರನ್ನೇ. ಸುತ್ತಣ ಭೂಮಿಯು ರಾಗಿಗೆ, ದ್ರಾಕ್ಷಿಗೆ, ಹಿಪ್ಪುನೇರಳೆಗೆ ಹೆಸರಾದದ್ದು. ಇಲ್ಲಿಯ ಚಕ್ಕೋತದ ಹಣ್ಣಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ.

2008ರ ಮೇ 24ರಂದು ಈ ಊರಿನ ಮಗ್ಗುಲಲ್ಲಿ ಬೆಂಗಳೂರಿನ ಹೊಸ ವಿಮಾನ ನಿಲ್ದಾಣವು ಕೆಲಸವನ್ನಾರಂಭಿಸಿತು. ಅದಕ್ಕಾಗಿ ಸುಮಾರು 4,000 ಎಕರೆ ಭೂಮಿಯು ಬೇಕಾಯಿತು. 2019ರಲ್ಲಿ ಎರಡನೆಯ ಓಡುದಾರಿಯೂ, 2022ರಲ್ಲಿ ಎರಡನೆಯ ನಿಲ್ದಾಣ ಕಟ್ಟಡವೂ ಸೇರಿಕೊಂಡವು. ಹೊಲಗಳಿದ್ದೆಡೆಯಲ್ಲಿ ಬಡಾವಣೆಗಳೆದ್ದವು; ಹೆಂಚಿನ ಮನೆಗಳ ಬದಿಯಲ್ಲಿ ಬಹುಮಹಡಿಯ ವಸತಿಗಳು ತಲೆಯೆತ್ತಿದವು. ಇದನ್ನು ಕಂಡವರೆಲ್ಲರೂ ಆಡುವ ಮಾತು ಒಂದೇ: “ಊರು ಬಹಳ ಬೆಳೆದುಬಿಟ್ಟಿತು.”

ಈ ಮಾತಿನೊಳಗೆ ಎರಡು ಅರ್ಥಗಳು ಬೆರೆತುಕೊಂಡಿವೆ. ಊರೆಂಬ ಸ್ಥಳವು ಬೆಳೆಯುವುದು ಒಂದು; ಊರಿನ ಜನರು ಏಳಿಗೆ ಹೊಂದುವುದು ಇನ್ನೊಂದು. ಮೊದಲನೆಯದು ನಡೆದರೆ ಎರಡನೆಯದೂ ನಡೆದಿರಲೇಬೇಕೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಅಂಕಿಗಳೂ ಹಾಗೆಯೇ ಹೇಳುವಂತೆ ತೋರುತ್ತವೆ. ಆದರೆ ಅಂಕಿಗಳನ್ನು ಬಿಡಿಸಿ ನೋಡಿದಾಗ, ಒಂದು ಬೀದಿಯ ಸರಾಸರಿ ವರಮಾನವು ಇಮ್ಮಡಿಯಾದರೂ ಆ ಬೀದಿಯ ಹಳಬರಲ್ಲಿ ಒಬ್ಬನಿಗಾದರೂ ಒಂದು ರೂಪಾಯಿ ಹೆಚ್ಚಿಗೆ ಸಿಕ್ಕಿಲ್ಲದಿರುವುದು ಸಾಧ್ಯವೆಂಬುದು ತಿಳಿಯುತ್ತದೆ. ಅದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ತಲೆಯೆಣಿಕೆ ಹೇಳುವುದೇನು?

ಮೊದಲು ಜನಸಂಖ್ಯೆಯನ್ನು ತೆಗೆದುಕೊಳ್ಳೋಣ. ಒಂದು ಊರಿನ ಜನಸಂಖ್ಯೆಯು ಬದಲಾಗಲು ನಾಲ್ಕೇ ಬಾಗಿಲುಗಳಿವೆ. ಹುಟ್ಟುವವರೂ ಹೊರಗಿನಿಂದ ಬರುವವರೂ ಸಂಖ್ಯೆಯನ್ನು ಹೆಚ್ಚಿಸುತ್ತಾರೆ. ಸಾಯುವವರೂ ಊರು ಬಿಟ್ಟು ಹೋಗುವವರೂ ಅದನ್ನು ಕಡಮೆ ಮಾಡುತ್ತಾರೆ. ಐದನೆಯ ಬಾಗಿಲಿಲ್ಲ.

ಯಾವ ಬಾಗಿಲು ಯಾವಾಗ ಮುಖ್ಯವಾಗುತ್ತದೆಂಬುದು ಕಾಲವನ್ನು ಅವಲಂಬಿಸಿದೆ. ಹಿಂದಿನ ಮೈಸೂರು ಸಂಸ್ಥಾನದಲ್ಲಿ 1871ರ ಖಾನೇಷುಮಾರಿಯಂತೆ 50 ಲಕ್ಷಕ್ಕಿಂತ ಹೆಚ್ಚು ಜನರಿದ್ದರು. 1881ರ ಖಾನೇಷುಮಾರಿಯಲ್ಲಿ ಉಳಿದಿದ್ದವರು ಸುಮಾರು 42 ಲಕ್ಷ. ನಡುವೆ 1876-78ರ ಘೋರಕ್ಷಾಮವು ಬಂದು ಹೋಗಿತ್ತು. ಆ ದಶಕದ ಲೆಕ್ಕವನ್ನು ಬರೆದದ್ದು ಸಾವಿನ ಬಾಗಿಲು. ನಮ್ಮ ಕಾಲದಲ್ಲಿ ಪರಿಸ್ಥಿತಿಯು ಬೇರೆಯಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ತಂದೆತಾಯಿಗಳಿಬ್ಬರ ಸ್ಥಾನವನ್ನು ತುಂಬುವುದಕ್ಕೇ ಎರಡಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳು ಬೇಕು. ಆದುದರಿಂದ ಈಗ ಕರ್ನಾಟಕದ ಊರೊಂದು ವೇಗವಾಗಿ ಬೆಳೆಯುತ್ತಿದ್ದರೆ, ಆ ಬೆಳವಣಿಗೆಯ ಬಹುಭಾಗವು ವಲಸೆಯ ಬಾಗಿಲಿನಿಂದಲೇ ಬಂದಿರಬೇಕು.

ಈಗ ಅಂಕಿಗಳನ್ನು ನೋಡೋಣ. 2001ರಿಂದ 2011ರವರೆಗೆ ಕರ್ನಾಟಕದ ಜನಸಂಖ್ಯೆಯು ಶೇಕಡಾ 15.6ರಷ್ಟು ಹೆಚ್ಚಿತು. ಇದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆಯು 65 ಲಕ್ಷದಿಂದ 96 ಲಕ್ಷಕ್ಕೆ, ಅಂದರೆ ಶೇಕಡಾ 47ರಷ್ಟು, ಬೆಳೆಯಿತು. ದೇವನಹಳ್ಳಿಯನ್ನೊಳಗೊಂಡ ಗ್ರಾಮಾಂತರ ಜಿಲ್ಲೆಯಾದರೋ ಸುಮಾರು 8 ಲಕ್ಷ 51 ಸಾವಿರದಿಂದ 9 ಲಕ್ಷ 91 ಸಾವಿರಕ್ಕೆ ಏರಿತು. ಇದು ಶೇಕಡಾ 16.4. ದೇವನಹಳ್ಳಿ ಪಟ್ಟಣವು ಸುಮಾರು 23 ಸಾವಿರದಿಂದ 28 ಸಾವಿರಕ್ಕೆ ಬಂದಿತು. ಇದು ಶೇಕಡಾ 21ರಷ್ಟು.

ಹತ್ತು ವರ್ಷಕ್ಕೆ ಶೇಕಡಾ 21 ಎಂದರೆ, ಚಕ್ರಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ಹೆಚ್ಚು ಕಡಮೆ ಶೇಕಡಾ 2. ಇಂತಹ ಬೆಳವಣಿಗೆಯು ಎಷ್ಟು ವರ್ಷಗಳಲ್ಲಿ ಇಮ್ಮಡಿಯಾಗುವುದೆಂದು ತಿಳಿಯಲು ಒಂದು ಸುಲಭ ಸೂತ್ರವುಂಟು: 70ನ್ನು ವಾರ್ಷಿಕ ದರದಿಂದ ಭಾಗಿಸಬೇಕು. ದೇವನಹಳ್ಳಿಗೆ ಉತ್ತರವು 35 ವರ್ಷ. ಬೆಂಗಳೂರು ನಗರ ಜಿಲ್ಲೆಗೆ ಸುಮಾರು 18 ವರ್ಷ.

ಇದು ಓದುಗರಿಗೆ ಅಚ್ಚರಿಯೆನಿಸಬಹುದು. ವಿಮಾನ ನಿಲ್ದಾಣವು ಬಂದರೂ ಊರು ಇಷ್ಟೇ ಬೆಳೆಯಿತೇ? ಕಾರಣವಿದೆ. 2011ರ ಗಣತಿಯು ನಡೆದಾಗ ನಿಲ್ದಾಣವು ತೆರೆದು ಮೂರು ವರ್ಷಗಳೂ ತುಂಬಿರಲಿಲ್ಲ. ಹೊಲದ ಬೆಲೆಯು ಒಂದು ಸುದ್ದಿಯಿಂದ ಏರಬಲ್ಲದು. ಮನೆಯನ್ನು ಕಟ್ಟಲು, ಶಾಲೆಯನ್ನು ಹುಡುಕಲು, ಸಂಸಾರವನ್ನು ಸಾಗಿಸಲು ವರ್ಷಗಳು ಬೇಕು. ಮೊದಲು ಬೆಲೆ ಬರುತ್ತದೆ, ಆಮೇಲೆ ಜನ ಬರುತ್ತಾರೆ. 2021ರಲ್ಲಿ ನಡೆಯಬೇಕಾಗಿದ್ದ ಗಣತಿಯು ಆ ವರ್ಷ ನಡೆಯಲಿಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಎಣಿಕೆಯ ದಿನವಾಗಿ 2025ರಲ್ಲಿ ಗೊತ್ತುಪಡಿಸಲಾಯಿತು. ಹೀಗೆ, ದೇವನಹಳ್ಳಿಯು ಅತ್ಯಂತ ವೇಗವಾಗಿ ಬದಲಾದ ಕಾಲವು ಎರಡು ಗಣತಿಗಳ ನಡುವಣ ದೀರ್ಘವಾದ ಬಿಡುವಿನಲ್ಲಿ ಬಿದ್ದಿದೆ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಐದು ಸಾವಿರದ ಹೆಚ್ಚಳವೆಂದರೆ ಐದು ಸಾವಿರ ಜನ ಬಂದರೆಂದಲ್ಲ. ಎಂಟು ಸಾವಿರ ಜನ ಹುಟ್ಟಿಯೋ ಬಂದೋ ಸೇರಿ, ಮೂರು ಸಾವಿರ ಜನ ಸತ್ತೋ ಹೋಗಿಯೋ ಕಳೆದರೂ ಉಳಿಯುವ ಅಂಕಿ ಅದೇ. ಗಣತಿಯವರು ಬಂದವರನ್ನು ಅವರ ಹುಟ್ಟೂರು ಯಾವುದು, ಹಿಂದೆ ಎಲ್ಲಿದ್ದರು, ಏಕೆ ಬಂದರು ಎಂದು ಕೇಳುತ್ತಾರೆ. ಹೋದವರನ್ನು ಹೀಗೆ ಕೇಳಲಾಗುವುದಿಲ್ಲ. ಅವರು ಆ ಮನೆಯಲ್ಲಿಲ್ಲ. ಅವರ ಉತ್ತರವು ದೂರದ ಬೇರೆ ಯಾವುದೋ ಊರಿನ ಲೆಕ್ಕದಲ್ಲಿ ಸೇರಿಹೋಗಿರುತ್ತದೆ. ಈ ಮಾತು ಮುಂದೆ ಮುಖ್ಯವಾಗುವುದರಿಂದ ಓದುಗರು ಇದನ್ನು ನೆನಪಿನಲ್ಲಿಡಬೇಕು.

ಹತ್ತು ಮನೆಗಳ ಬೀದಿ

ಈಗ ವರಮಾನಕ್ಕೆ ಬರೋಣ. ಲೆಕ್ಕದ ಸೌಕರ್ಯಕ್ಕಾಗಿ ಹತ್ತು ಮನೆಗಳುಳ್ಳ ಒಂದು ಬೀದಿಯನ್ನು ಕಲ್ಪಿಸಿಕೊಳ್ಳೋಣ. ಮನೆಗಳ ತಿಂಗಳ ವರಮಾನವು ಸಾವಿರ ರೂಪಾಯಿಗಳಲ್ಲಿ ಹೀಗಿರಲಿ: 8, 10, 12, 12, 14, 16, 18, 20, 25, 25. ಒಟ್ಟು 160; ಹತ್ತರಿಂದ ಭಾಗಿಸಿದರೆ ಸರಾಸರಿಯು 16 ಸಾವಿರ. ಮನೆಗಳನ್ನು ವರಮಾನದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ಬರುವ ಬೆಲೆಗೆ ಮಧ್ಯಾಂಕವೆಂದು ಹೆಸರು. ಇಲ್ಲಿ ಅದು 14 ಮತ್ತು 16ರ ನಡುವಣ 15 ಸಾವಿರ.

ಊರಿನ ಬೆಲೆಯು ಏರುತ್ತದೆ, ಬಾಡಿಗೆಯೂ ಏರುತ್ತದೆ. 8 ಮತ್ತು 10 ಸಾವಿರ ದುಡಿಯುವ ಎರಡು ಬಾಡಿಗೆ ಮನೆಯವರು ತಾಳಲಾರದೆ ಹೊರಡುತ್ತಾರೆ. ಅವರ ಸ್ಥಳಕ್ಕೆ 90 ಮತ್ತು 110 ಸಾವಿರ ವರಮಾನವುಳ್ಳ ಎರಡು ಸಂಸಾರಗಳು ಬರುತ್ತವೆ. ಉಳಿದ ಎಂಟು ಮನೆಗಳಲ್ಲಿ ಯಾವ ಬದಲಾವಣೆಯೂ ಇಲ್ಲ. ಈಗ ಒಟ್ಟು 342, ಸರಾಸರಿ 34.2 ಸಾವಿರ. ಬೀದಿಯ ವರಮಾನವು ಇಮ್ಮಡಿಯನ್ನು ಮೀರಿತು! ಮಧ್ಯಾಂಕವೂ 15ರಿಂದ 19ಕ್ಕೆ ಏರಿತು.

ಆದರೆ ಇದರಿಂದ ಯಾರಿಗೆ ಏನು ಬಂದಿತು? ಉಳಿದ ಎಂಟು ಮನೆಗಳ ಸರಾಸರಿಯು ಮೊದಲೂ 17.75 ಸಾವಿರ, ಈಗಲೂ 17.75 ಸಾವಿರ. ಹೊಸದಾಗಿ ಬಂದವರು ಮೊದಲು ಇದ್ದಲ್ಲಿಯೂ ಅಷ್ಟೇ ದುಡಿಯುತ್ತಿದ್ದಿರಬಹುದು. ಹೋದವರಿಗಂತೂ ಲಾಭವೇನೂ ಆಗಲಿಲ್ಲ. ಬದಲಾದದ್ದು ಬೀದಿಯ ಮಿಶ್ರಣವೇ ಹೊರತು ಮನುಷ್ಯರ ಸ್ಥಿತಿಯಲ್ಲ. ಇನ್ನೂ ಒಂದು ವಿಚಿತ್ರವಿದೆ. ಮೊದಲು 18, 20, 25, 25 ಸಾವಿರದ ನಾಲ್ಕು ಮನೆಗಳು ಬೀದಿಯ ಸರಾಸರಿಗಿಂತ ಮೇಲಿದ್ದವು. ಈಗ ಒಂದು ಕಾಸನ್ನೂ ಕಳೆದುಕೊಳ್ಳದೆ ಅವು ಸರಾಸರಿಗಿಂತ ಕೆಳಗಾದವು.

ಸರಾಸರಿಯು ಒಂದೆರಡು ದೊಡ್ಡ ಸಂಖ್ಯೆಗಳಿಗೆ ಮಣಿಯುತ್ತದೆಂದೂ, ಆದುದರಿಂದ ವರಮಾನಕ್ಕೆ ಮಧ್ಯಾಂಕವೇ ತಕ್ಕ ಅಳತೆಯೆಂದೂ ಪಠ್ಯಪುಸ್ತಕಗಳು ಕಲಿಸುತ್ತವೆ. ಅದು ನಿಜ. ಆದರೆ ಮೇಲಿನ ಉದಾಹರಣೆಯಲ್ಲಿ ಮಧ್ಯಾಂಕವೂ ನಮ್ಮನ್ನು ದಾರಿ ತಪ್ಪಿಸಿತು. ಜನರೇ ಬದಲಾಗಿಬಿಟ್ಟಾಗ ಅಳತೆಗೋಲನ್ನು ಬದಲಿಸಿ ಪ್ರಯೋಜನವಿಲ್ಲ.

ಎರಡು ಊರುಗಳ ಸರಾಸರಿ ಒಮ್ಮೆಗೇ ಏರುವುದು

ಇದಕ್ಕಿಂತಲೂ ಸೋಜಿಗವಾದ ಸಂಗತಿಯೊಂದಿದೆ. ಬೆಂಗಳೂರಿನ ಒಂದು ಬೀದಿಯಲ್ಲಿ ನಾಲ್ಕು ಮನೆಗಳಿದ್ದು ಅವುಗಳ ವರಮಾನವು 30, 45, 75, 90 ಸಾವಿರವಿರಲಿ; ಸರಾಸರಿ 60. ದೇವನಹಳ್ಳಿಯ ಒಂದು ಬೀದಿಯ ನಾಲ್ಕು ಮನೆಗಳ ವರಮಾನವು 10, 15, 15, 20 ಸಾವಿರವಿರಲಿ, ಸರಾಸರಿ 15. ನಗರದ ಬಾಡಿಗೆಗೆ ಬೇಸತ್ತು 45 ಸಾವಿರದ ಸಂಸಾರವು ದೇವನಹಳ್ಳಿಗೆ ಬಂದು ನೆಲಸುತ್ತದೆ. ಬೆಂಗಳೂರಿನ ಬೀದಿಯಲ್ಲಿ ಉಳಿದ ಮೂರು ಮನೆಗಳ ಸರಾಸರಿ ಈಗ 65. ದೇವನಹಳ್ಳಿಯ ಐದು ಮನೆಗಳ ಸರಾಸರಿ 21. ಎರಡು ಕಡೆಯೂ ಅಭಿವೃದ್ಧಿ! ಆದರೆ ಎಂಟು ಮನೆಗಳ ಒಟ್ಟು ವರಮಾನವು ಮೊದಲಿನ 300 ಸಾವಿರವೇ ಆಗಿದೆ. ಒಂದು ಸಾಮಾನು ಗಾಡಿಯು ಹೆದ್ದಾರಿಯಲ್ಲಿ ನಲವತ್ತು ಕಿಲೋಮೀಟರು ಸಾಗಿತೇ ವಿನಾ ಬೇರೇನೂ ಆಗಲಿಲ್ಲ.

ನಗರದ ಲೆಕ್ಕದಲ್ಲಿ ಕೆಳಗಿನವನೂ ಪಟ್ಟಣದ ಲೆಕ್ಕದಲ್ಲಿ ಮೇಲಿನವನೂ ಆದ ಒಬ್ಬನು ಸ್ಥಳ ಬದಲಿಸಿದಾಗ ಹೀಗಾಗುತ್ತದೆ. ಮಹಾನಗರದ ಅಂಚಿನ ಪಟ್ಟಣಗಳಿಗೆ ಬಂದು ನೆಲಸುವವರಲ್ಲಿ ಇಂತಹವರು ಇರುವುದು ಸಹಜವಾಗಿರುವುದರಿಂದ, ಇದನ್ನು ಬರಿಯ ಗಣಿತದ ಚಮತ್ಕಾರವೆಂದು ತಳ್ಳಿಹಾಕುವಂತಿಲ್ಲ.

ಬಿಸಿನೀರು ಮತ್ತು ಬಿಸಿಗಲ್ಲು

ಭೌತಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಬಹುದು. ಅನಿಲದ ಉಷ್ಣತೆಯೂ ಅಣುಗಳ ಚಲನಶಕ್ತಿಯ ಸರಾಸರಿಯೇ ಅಲ್ಲವೇ? ಅಣುಗಳು ಬದಲಾದರೂ ನಾವು ಉಷ್ಣತಾಮಾಪಕವನ್ನು ನಂಬುತ್ತೇವಲ್ಲ? ಪ್ರಶ್ನೆಯು ಸಮಂಜಸವಾಗಿದೆ. ಅನಿಲದ ಅಣುಗಳ ವೇಗದ ಹಂಚಿಕೆಯನ್ನು ದೇಶವೊಂದರ ಜನರ ವರಮಾನದ ಹಂಚಿಕೆಗೆ ಹೋಲಿಸುವ ಕ್ರಮವೂ ಹಳೆಯದು. ಮೇಘನಾದ ಸಾಹಾ ಮತ್ತು ಬಿ. ಎನ್. ಶ್ರೀವಾಸ್ತವ ಅವರು ಶಾಖವನ್ನು ಕುರಿತು ಬರೆದ ಪ್ರಸಿದ್ಧ ಪಠ್ಯಪುಸ್ತಕದಲ್ಲಿ ಈ ಹೋಲಿಕೆಯಿದೆ.

ಆದರೆ ವ್ಯತ್ಯಾಸವೂ ಇದೆ. ತಣ್ಣೀರಿನ ಹಂಡೆಗೆ ಒಂದು ಚೊಂಬು ಬಿಸಿನೀರನ್ನು ಹೊಯ್ದರೆ, ಅಣುಗಳು ಒಂದಕ್ಕೊಂದು ತಾಕಿ ಶಕ್ತಿಯನ್ನು ಹಂಚಿಕೊಳ್ಳುತ್ತವೆ. ಸ್ವಲ್ಪ ಹೊತ್ತಿನಲ್ಲಿ ಹಂಡೆಯ ನೀರೆಲ್ಲವೂ ಒಂದೇ ಹದಕ್ಕೆ ಬರುತ್ತದೆ. ಆಗ ಸರಾಸರಿಯು ಪ್ರತಿಯೊಂದು ಹನಿಯ ವಿಷಯದಲ್ಲಿಯೂ ಸತ್ಯವಾಗಿರುತ್ತದೆ. ಒಂದು ಬುಟ್ಟಿ ತಣ್ಣನೆಯ ಕಲ್ಲುಗಳ ಮೇಲೆ ಎರಡು ಕಾದ ಕಲ್ಲುಗಳನ್ನು ಇಟ್ಟೊಡನೆ ಸರಾಸರಿಯನ್ನು ತೆಗೆದರೆ, ಆ ಅಂಕಿಯು ಯಾವ ಕಲ್ಲಿನ ವಿಷಯದಲ್ಲಿಯೂ ಸತ್ಯವಲ್ಲ. ಬೀದಿಯೊಂದು ಹಂಡೆಯೋ ಬುಟ್ಟಿಯೋ ಎಂಬುದೇ ವಿಚಾರ ಮಾಡಬೇಕಾದ ವಿಷಯ.

ನಿಜವಾಗಿ ನೋಡಿದರೆ ಅದು ಎರಡರ ನಡುವೆ ಇರುತ್ತದೆ. ಹೊಸಬರ ಹಣದ ಒಂದು ಭಾಗವು ಕೂಲಿಯಾಗಿ, ಬಾಡಿಗೆಯಾಗಿ, ಅಂಗಡಿಯ ವ್ಯಾಪಾರವಾಗಿ ಹಳಬರ ಕೈ ಸೇರುತ್ತದೆ. ವಿಮಾನ ನಿಲ್ದಾಣವು ವಾಹನ ಚಾಲಕರು, ಸರಕು ಸಾಗಿಸುವವರು, ಕಾವಲುಗಾರರು, ಶುಚಿಗೊಳಿಸುವವರು ಮುಂತಾದವರಿಗೆ ಕೆಲಸವನ್ನು ಕೊಡುತ್ತದೆ. 2025ರಲ್ಲಿ ದೇವನಹಳ್ಳಿಯ ಸಮೀಪದಲ್ಲಿ ಫಾಕ್ಸ್‌ಕಾನ್ ಸಂಸ್ಥೆಯ ಕಾರ್ಖಾನೆಯು ಐಫೋನುಗಳ ತಯಾರಿಕೆಯನ್ನಾರಂಭಿಸಿತು. ಇಂತಹ ಜೋಡಣೆಯ ಕಾರ್ಖಾನೆಗಳಿಗೆ ದುಡಿಯಲು ಬರುವವರಲ್ಲಿ ತರುಣಿಯರೇ ಬಹಳ. ಸ್ವಂತ ಮನೆಯುಳ್ಳವನಿಗೆ ಬಾಡಿಗೆಯ ಏರಿಕೆಯು ವರಮಾನ. ಬಾಡಿಗೆಯ ಮನೆಯಲ್ಲಿರುವವನಿಗೆ ಅದೇ ಏರಿಕೆಯು ಖರ್ಚು. ಒಂದೇ ಕಾರಣವು ಒಂದೇ ಬೀದಿಯಲ್ಲಿ ಎರಡು ವಿರುದ್ಧ ಪರಿಣಾಮಗಳನ್ನುಂಟುಮಾಡುತ್ತದೆ. ಸರಾಸರಿಯು ಇವೆರಡನ್ನೂ ಕೂಡಿಸಿ ಮುಚ್ಚಿಬಿಡುತ್ತದೆ.

ಇಂತಹ ಬದಲಾವಣೆಯು ನಮ್ಮಲ್ಲಿ ಮಾತ್ರ ಕಂಡದ್ದಲ್ಲ. ಲಂಡನ್ ನಗರದಲ್ಲಿ ಕೂಲಿಕಾರರ ಹಳೆಯ ಕೇರಿಗಳನ್ನು ಮಧ್ಯಮ ವರ್ಗದವರು ಮನೆಮನೆಯಾಗಿ ಕೊಂಡು ದುರಸ್ತಿ ಮಾಡಿಕೊಳ್ಳುತ್ತಿದ್ದುದನ್ನು ಕಂಡು ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆಯು 1964ರಲ್ಲಿ ಇದಕ್ಕೆ ಜೆಂಟ್ರಿಫಿಕೇಷನ್ ಎಂಬ ಹೆಸರನ್ನಿತ್ತಳು. ಅಲ್ಲಿ ಬದಲಾದದ್ದು ಹಳೆಯ ಮನೆಗಳ ಒಡೆತನ. ದೇವನಹಳ್ಳಿಯಲ್ಲಾದರೋ ಬದಲಾವಣೆಯ ಬಹುಭಾಗವು ಹೊಲಗಳ ಮೇಲೆ ನಡೆಯಿತು. ಆದುದರಿಂದ ಇಲ್ಲಿ ಬೇಸಾಯದ ವಿಚಾರವನ್ನು ಬಿಟ್ಟು ವರಮಾನವನ್ನು ವಿವರಿಸುವುದು ಸಾಧ್ಯವಿಲ್ಲ.

ಕೆರೆಯ ನೀರು, ತೂಬಿನ ನೀರು

ಬಯಲುಸೀಮೆಯ ರೈತನಿಗೆ ಕೆರೆಗೂ ತೂಬಿಗೂ ಇರುವ ವ್ಯತ್ಯಾಸವನ್ನು ಹೇಳಿಕೊಡಬೇಕಾದುದಿಲ್ಲ. ಕೆರೆಯಲ್ಲಿ ನಿಂತಿರುವ ನೀರು ಸಂಗ್ರಹ; ತೂಬಿನಿಂದ ದಿನವೂ ಹರಿಯುವ ನೀರು ಪ್ರವಾಹ. ಆಸ್ತಿಗೂ ವರಮಾನಕ್ಕೂ ಇರುವ ಸಂಬಂಧವು ಇದೇ ಬಗೆಯದು. ಭೂಮಿಯು ಕೆರೆ, ವರ್ಷವರ್ಷದ ರಾಗಿ, ದ್ರಾಕ್ಷಿ, ರೇಷ್ಮೆಗೂಡು, ಹಾಲುಗಳಿಂದ ಬರುವ ಹಣವು ತೂಬಿನ ನೀರು.

ಭೂಮಿಯನ್ನು ಮಾರಿದ ವರ್ಷ ಸಂಸಾರದ ಕೈಯಲ್ಲಿ ಅಪಾರವಾದ ಹಣವು ಕಾಣಿಸಿಕೊಳ್ಳುತ್ತದೆ. ಹೊಸ ಮನೆ, ಹೊಸ ವಾಹನ, ಮದುವೆ ಇವೆಲ್ಲವೂ ನಡೆಯುತ್ತವೆ. ನೋಡುವವರಿಗೆ ವರಮಾನವು ಹೆಚ್ಚಿದಂತೆ ತೋರುತ್ತದೆ. ವಾಸ್ತವವಾಗಿ ಹೆಚ್ಚಿದ್ದು ವರಮಾನವಲ್ಲ. ಕೆರೆಯ ಏರಿಯನ್ನು ಒಡೆದಾಗಲೂ ಕಾಲುವೆಯು ಒಂದು ದಿನ ದಡ ಮೀರಿ ಹರಿಯುತ್ತದೆ. ಆ ಹಣವನ್ನು ಮತ್ತೊಂದು ಭೂಮಿಗೋ, ಬಾಡಿಗೆಯ ಕಟ್ಟಡಕ್ಕೋ, ಮಕ್ಕಳ ವಿದ್ಯೆಗೋ ತೊಡಗಿಸಿದರೆ ಹೊಸದೊಂದು ಕೆರೆಯನ್ನು ಕಟ್ಟಿದಂತಾಗುತ್ತದೆ. ಹಾಗೆ ಮಾಡದಿದ್ದಲ್ಲಿ ಕೆಲವು ವರ್ಷಗಳ ತರುವಾಯ ಕೆರೆಯೂ ಇಲ್ಲ, ತೂಬೂ ಇಲ್ಲ. ಭೂಮಿಯ ಒಡೆತನವಿಲ್ಲದೆ ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗಂತೂ ಮಾರಾಟದ ಹಣದಲ್ಲಿ ಭಾಗವೇ ಇಲ್ಲ. ಅವನ ತೂಬು ಮೊದಲ ದಿನವೇ ಮುಚ್ಚಿಹೋಗುತ್ತದೆ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ನಡೆದ ಚಳವಳಿಯನ್ನು ಅರ್ಥಮಾಡಿಕೊಳ್ಳಲು ಈ ಭೇದವು ನೆರವಾಗುತ್ತದೆ. ಅಲ್ಲಿನ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಯೋಜನೆಯ ವಿರುದ್ಧ 2022ರಲ್ಲಿ ರೈತರು ಧರಣಿಯನ್ನಾರಂಭಿಸಿ ಮೂರು ವರ್ಷಗಳಿಗೂ ಮೇಲ್ಪಟ್ಟು ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಒಳ್ಳೆಯ ಬೆಲೆ ಬರುವಾಗ ರೈತನೇಕೆ ಒಲ್ಲೆನೆನ್ನುತ್ತಾನೆಂದು ನಗರದವರು ಕೇಳುವುದುಂಟು. ಬೆಲೆಯು ಕೆರೆಯ ಲೆಕ್ಕ. ಬದುಕು ತೂಬಿನ ಲೆಕ್ಕ. ಒಂದನ್ನು ಮುಂದಿಟ್ಟುಕೊಂಡು ಕೇಳಿದ ಪ್ರಶ್ನೆಗೆ ಇನ್ನೊಂದನ್ನು ಮುಂದಿಟ್ಟುಕೊಂಡು ಉತ್ತರ ಹೇಳಿದಾಗ ಇಬ್ಬರಿಗೂ ಪರಸ್ಪರರ ಮಾತು ತಿಳಿಯುವುದಿಲ್ಲ.

ಮನೆಯೆಂದರೆ ಯಾವುದು?

ಅಳತೆಯಲ್ಲಿ ಇನ್ನೊಂದು ತೊಡಕಿದೆ. ಅಣ್ಣತಮ್ಮಂದಿರು ಮೂವರು ಒಂದೇ ಮನೆಯಲ್ಲಿದ್ದು ತಲಾ 20 ಸಾವಿರ ದುಡಿಯುತ್ತಿದ್ದಾರೆನ್ನೋಣ. ಆ ಮನೆಯ ವರಮಾನವು 60 ಸಾವಿರ. ಹಿಸ್ಸೆಯಾಗಿ ಮೂವರೂ ಬೇರೆ ಬೇರೆ ಒಲೆಯನ್ನು ಹೂಡಿದರೆ, 20 ಸಾವಿರ ವರಮಾನದ ಮೂರು ಮನೆಗಳಾಗುತ್ತವೆ. ಮನೆಯ ಸರಾಸರಿ ವರಮಾನವು ಮೂರನೆಯ ಒಂದು ಪಾಲಿಗೆ ಇಳಿಯಿತು. ಆದರೆ ಯಾರೂ ಬಡವರಾಗಲಿಲ್ಲ. ಹಾಗೆಯೇ 30 ಸಾವಿರ ವರಮಾನದಲ್ಲಿ ಆರು ಜನ ಬದುಕುವ ಮನೆಗೂ ಮೂವರು ಬದುಕುವ ಮನೆಗೂ ತಲಾ ವರಮಾನದಲ್ಲಿ ಇಮ್ಮಡಿಯ ಅಂತರವಿದೆ. ಕೆಲಸಕ್ಕಾಗಿ ವಲಸೆ ಬರುವವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನವರು. ಅವರ ಮುದುಕರೂ ಅನೇಕ ವೇಳೆ ಮಕ್ಕಳೂ ಹುಟ್ಟೂರಿನಲ್ಲಿ ಉಳಿದಿರುತ್ತಾರೆ. ಇದರಿಂದಲೂ ಹೊಸ ಊರಿನ ತಲಾ ವರಮಾನವು ಹೆಚ್ಚಾಗಿಯೂ ಹಳೆಯ ಊರಿನದು ಕಡಮೆಯಾಗಿಯೂ ಕಾಣುತ್ತದೆ. ಆದುದರಿಂದ ವರಮಾನದ ಅಂಕಿಯನ್ನು ಕಂಡಾಗ ಅದು ಮನೆಯದೋ, ತಲೆಯದೋ, ದುಡಿಯುವವನದೋ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು.

ಅಳೆಯುವುದು ಹೇಗೆ?

ಇಷ್ಟಕ್ಕೂ ದೇವನಹಳ್ಳಿಯ ಒಂದು ವಾರ್ಡಿನ ವರಮಾನವು ಯಾವ ಪುಸ್ತಕದಲ್ಲಿ ಬರೆದಿದೆ? ಭಾರತದ ಜನಗಣತಿಯು ಮನೆಯ ಗೋಡೆ, ಛಾವಣಿ, ಕುಡಿಯುವ ನೀರು, ಶೌಚಾಲಯ, ವಾಹನ ಇವನ್ನೆಲ್ಲ ವಿಚಾರಿಸಿದೆ. ವರಮಾನವನ್ನು ಮಾತ್ರ 2011ರ ಗಣತಿಯವರೆಗೂ ಕೇಳಿಲ್ಲ. ಜನರ ಆರ್ಥಿಕ ಸ್ಥಿತಿಯನ್ನು ತಿಳಿಯಲು ನಮಗಿರುವ ಮುಖ್ಯ ಸಾಧನವೆಂದರೆ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ. ಇದನ್ನು ರೂಪಿಸಿದ ಪ್ರಶಾಂತಚಂದ್ರ ಮಹಲನೋಬಿಸ್ ಅವರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದವರೆಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಸಂತೋಷದ ಸಂಗತಿ. ಈ ಸಮೀಕ್ಷೆಯೂ ಸಾಮಾನ್ಯವಾಗಿ ವರಮಾನವನ್ನಲ್ಲ, ಖರ್ಚನ್ನು ಕೇಳುತ್ತದೆ. ವರಮಾನವನ್ನು ಕೇಳಿ ನೋಡಿದ ಹಿಂದಿನ ಪ್ರಯತ್ನಗಳಲ್ಲಿ, ಜನರು ಹೇಳಿದ ವರಮಾನವು ಅವರ ಖರ್ಚು ಮತ್ತು ಉಳಿತಾಯಗಳ ಮೊತ್ತಕ್ಕಿಂತ ಕಡಮೆಯಾಗಿ ಬಂದಿತು!

2023-24ರ ಗೃಹಬಳಕೆಯ ಖರ್ಚಿನ ಸಮೀಕ್ಷೆಯಂತೆ, ಭಾರತದ ಹಳ್ಳಿಗಳಲ್ಲಿ ತಲಾ ತಿಂಗಳ ಖರ್ಚು 4,122 ರೂಪಾಯಿ. ಪಟ್ಟಣಗಳಲ್ಲಿ 6,996 ರೂಪಾಯಿ. ಇಡೀ ದೇಶದಲ್ಲಿ ಭೇಟಿ ಮಾಡಿದ ಮನೆಗಳು ಎರಡೂವರೆ ಲಕ್ಷಕ್ಕೂ ಹೆಚ್ಚು. ಸಂಖ್ಯೆಯು ದೊಡ್ಡದೇ. ಆದರೆ 2011ರಲ್ಲಿಯೇ ದೇಶದಲ್ಲಿ ಇಪ್ಪತ್ತೈದು ಕೋಟಿಗೆ ಸಮೀಪ ಮನೆವಾರ್ತೆಗಳಿದ್ದವು. ಅಂದರೆ ಸಾವಿರಕ್ಕೆ ಸುಮಾರು ಒಂದು ಮನೆ. 28 ಸಾವಿರ ಜನರಿದ್ದ ದೇವನಹಳ್ಳಿಯಲ್ಲಿ ನಾಲ್ವರಿಗೊಂದರಂತೆ 7 ಸಾವಿರ ಮನೆಗಳೆಂದು ಹಿಡಿದರೆ, ಸಮನಾಗಿ ಹಂಚಿದಾಗ ಇಡೀ ಪಟ್ಟಣಕ್ಕೆ ಬರುವುದು ಏಳೆಂಟು ಮನೆಗಳು. ಒಂದು ವಾರ್ಡಿಗೆ ಒಂದು ಮನೆಯೂ ಬಾರದು.

ಮಾದರಿಯು ಚಿಕ್ಕದಾದಷ್ಟೂ ಆಕಸ್ಮಿಕ ದೋಷವು ದೊಡ್ಡದಾಗುತ್ತದೆ. ದೋಷವು ಮಾದರಿಯ ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿರುವುದು ನಿಯಮ. ಹತ್ತು ಸಾವಿರ ಮನೆಗಳನ್ನು ಕೇಳಿದರೆ ಶೇಕಡಾವಾರು ಉತ್ತರದಲ್ಲಿ ಸುಮಾರು 1ರಷ್ಟು ಹೆಚ್ಚುಕಡಮೆಯಾಗಬಹುದು. ನೂರು ಮನೆಗಳಾದರೆ 10ರಷ್ಟು. ಇಪ್ಪತ್ತೈದೇ ಮನೆಗಳಾದರೆ 20ರಷ್ಟು. ಆದುದರಿಂದ ದೇಶದ ಮಟ್ಟಿಗೆ ನಂಬತಕ್ಕ ಸಮೀಕ್ಷೆಯು ಬೀದಿಯ ಮಟ್ಟಿಗೆ ಮೂಕವಾಗಿರುತ್ತದೆ.

ಸೇತುವೆಯ ಮೇಲಿನವನು, ತೆಪ್ಪದ ಮೇಲಿನವನು

ಹರಿಯುವ ದ್ರವವನ್ನು ಅಭ್ಯಸಿಸಲು ಭೌತಶಾಸ್ತ್ರದಲ್ಲಿ ಎರಡು ಕ್ರಮಗಳುಂಟು. ಒಂದಕ್ಕೆ ಆಯ್ಲರನ ಹೆಸರು, ಇನ್ನೊಂದಕ್ಕೆ ಲಗ್ರಾಂಜನ ಹೆಸರು. ಮೊದಲನೆಯದರಲ್ಲಿ ನೋಡುವವನು ಸೇತುವೆಯ ಮೇಲೆ ನಿಂತಿರುತ್ತಾನೆ. ತನ್ನ ಕೆಳಗೆ ಹಾಯುವ ನೀರಿನ ವೇಗವನ್ನು ಗಳಿಗೆಗಳಿಗೆಗೂ ಅಳೆಯುತ್ತಾನೆ. ಪ್ರತಿಸಲವೂ ಸ್ಥಳ ಒಂದೇ, ನೀರು ಬೇರೆ. ಎರಡನೆಯದರಲ್ಲಿ ಅವನು ತೆಪ್ಪದಲ್ಲಿ ಕುಳಿತು ನೀರಿನೊಡನೆಯೇ ಸಾಗುತ್ತಾನೆ. ಆಗ ನೀರು ಒಂದೇ, ಸ್ಥಳ ಬೇರೆ. ಇಬ್ಬರು ಹೇಳುವುದೂ ಸತ್ಯ. ಆದರೆ ಸೇತುವೆಯ ಮೇಲಿನವನು ತನ್ನ ಅಂಕಿಗಳನ್ನು ತೋರಿಸಿ, “ಈ ಹನಿಯು ವೇಗವನ್ನು ಪಡೆಯಿತು” ಎಂದರೆ ಅದು ತಪ್ಪಾಗುತ್ತದೆ.

ಗಣತಿ, ವಾರ್ಡಿನ ಸರಾಸರಿ, ಜಿಲ್ಲೆಯ ತಲಾ ವರಮಾನ ಇವೆಲ್ಲವೂ ಸೇತುವೆಯ ಮೇಲಿನ ನೋಟಗಳು. ಜನರು ಸ್ಥಳ ಬಿಟ್ಟು ಕದಲದ ಕಾಲದಲ್ಲಿ ಈ ನೋಟವೇ ಸಾಕಾಗಿತ್ತು. ಹತ್ತು ವರ್ಷದ ಹಿಂದೆ ಇದ್ದವರೇ ಇಂದೂ ಇರುತ್ತಿದ್ದರು. ಜನರೇ ಹರಿಯತೊಡಗಿದಾಗ ಅದೊಂದೇ ಸಾಲದು. ಅದೇ ಸಂಸಾರಗಳನ್ನು, ಅವು ಎಲ್ಲಿಗೆ ಹೋದರೂ ಬಿಡದೆ, ಹಲವು ವರ್ಷ ಹಿಂಬಾಲಿಸುವ ಅಧ್ಯಯನಗಳು ಬೇಕಾಗುತ್ತವೆ. ಇದು ತೆಪ್ಪದ ಪ್ರಯಾಣ. ಕಷ್ಟದ ಕೆಲಸ, ಖರ್ಚಿನ ಕೆಲಸ. ಆದರೆ ಬಾಡಿಗೆ ತಾಳಲಾರದೆ ಹೋದ ಆ ಎರಡು ಮನೆಯವರು ಈಗ ಎಲ್ಲಿದ್ದಾರೆ, ಹೇಗಿದ್ದಾರೆ ಎಂಬುದನ್ನು ತಿಳಿಯಲು ಬೇರೆ ದಾರಿಯಿಲ್ಲ. ಬಡವರು ಊರು ಬಿಟ್ಟರೆ ಆ ಊರಿನ ಬಡತನದ ಅಂಕಿಯು ಇಳಿಯುತ್ತದೆ, ಬಡತನವು ಇಳಿದಿರುವುದಿಲ್ಲ. ಇದನ್ನರಿಯದೆ, ಊರಿನವರು ಅನುಕೂಲಸ್ಥರಾದರೆಂದು ಬಗೆದು ತೆರಿಗೆಯನ್ನೋ ನೆರವನ್ನೋ ಗೊತ್ತುಮಾಡಿದರೆ, ಅದರ ಹೊರೆಯು 17.75 ಸಾವಿರದಲ್ಲಿಯೇ ನಿಂತಿರುವ ಆ ಎಂಟು ಮನೆಗಳ ಮೇಲೆ ಬೀಳುತ್ತದೆ.

ವಿದ್ಯಾರ್ಥಿಗಳು ಮಾಡಬಹುದಾದ ಪ್ರಯೋಗ

ಇದಕ್ಕೆ ಪ್ರಯೋಗಶಾಲೆಯು ಬೇಕಿಲ್ಲ. ಒಂದು ಬೀದಿ, ಒಂದು ನೋಟ್‌ಪುಸ್ತಕ ಸಾಕು. ನಾಲ್ಕೈದು ಮಂದಿ ಗೆಳೆಯರು ಸೇರಿ ತಮ್ಮ ಬೀದಿಯ ಐವತ್ತು ಮನೆಗಳನ್ನು, ಮನೆಯವರ ಒಪ್ಪಿಗೆಯನ್ನು ಪಡೆದು, ಹೆಸರುಗಳನ್ನು ಬರೆದುಕೊಳ್ಳದೆ, ಹೀಗೆ ವಿಚಾರಿಸಬಹುದು. ಈ ಮನೆಯಲ್ಲಿ ಎಷ್ಟು ವರ್ಷದಿಂದ ಇದ್ದೀರಿ? ಸ್ವಂತವೋ, ಬಾಡಿಗೆಯೋ? ಎಷ್ಟು ಜನ, ಅವರಲ್ಲಿ ದುಡಿಯುವವರೆಷ್ಟು? ಈಗಿನ ಕಸುಬೇನು, ಹತ್ತು ವರ್ಷದ ಹಿಂದೆ ಏನಿತ್ತು? ವರಮಾನವನ್ನು ನೇರವಾಗಿ ಕೇಳುವುದು ಬೇಡ. ಬಾಡಿಗೆ, ವಾಹನ, ಮಕ್ಕಳ ಶಾಲೆ ಇವುಗಳಿಂದ ಅದನ್ನು ಒಂದು ಮಟ್ಟಿಗೆ ಊಹಿಸಬಹುದು. ಕೊನೆಯದಾಗಿ, ನಿಮಗಿಂತ ಮುಂಚೆ ಇಲ್ಲಿದ್ದವರು ಎಲ್ಲಿಗೆ ಹೋದರು? ಈ ಪ್ರಶ್ನೆಗೆ ಅಕ್ಕಪಕ್ಕದ ಹಿರಿಯರಲ್ಲಿ ಉತ್ತರವು ಸಿಕ್ಕುವುದುಂಟು.

ಬಂದ ಉತ್ತರಗಳನ್ನು ಒಂದೇ ಪಟ್ಟಿಯಾಗಿ ಕೂಡಿಸಬಾರದು. ಹತ್ತು ವರ್ಷಕ್ಕೂ ಮೇಲ್ಪಟ್ಟು ಇರುವವರದು ಒಂದು ಪಟ್ಟಿ, ಆಮೇಲೆ ಬಂದವರದು ಇನ್ನೊಂದು, ಹೋದವರದು ಮೂರನೆಯದು ಎಂದು ಬೇರೆ ಬೇರೆ ಬರೆಯಬೇಕು. ಮೊದಲನೆಯ ಪಟ್ಟಿಯಲ್ಲಿ ಏಳಿಗೆಯು ಕಂಡರೆ ಊರಿನವರು ಬೆಳೆದಿದ್ದಾರೆ. ಮೂರನ್ನೂ ಬೆರೆಸಿದಾಗ ಮಾತ್ರ ಏಳಿಗೆಯು ಕಂಡು, ಮೊದಲನೆಯದರಲ್ಲಿ ಕಾಣದಿದ್ದರೆ, ಬೆಳೆದದ್ದು ಊರು ಮಾತ್ರ. ಐವತ್ತೇ ಮನೆಗಳಾದುದರಿಂದ ಶೇಕಡಾ 14ರಷ್ಟು ಆಕಸ್ಮಿಕ ದೋಷವು ಇದ್ದೀತೆಂಬುದನ್ನೂ ಬರೆದಿಡಬೇಕು.

ಮುಂದಿನ ಗಣತಿಯ ಅಂಕಿಗಳು ಹೊರಬಂದಾಗ ದೇವನಹಳ್ಳಿಯ ಸಂಖ್ಯೆಯ ಮುಂದೆ ದೊಡ್ಡದೊಂದು ಶೇಕಡಾವಾರು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ನಿಶ್ಚಯ. ಆ ಅಂಕಿಯು ಸುಳ್ಳಾಗಿರುವುದಿಲ್ಲ. ಸೇತುವೆಯ ಮೇಲಿನವನು ಕಂಡುದನ್ನು ಅದು ಪ್ರಾಮಾಣಿಕವಾಗಿ ಹೇಳುತ್ತದೆ. ಅದನ್ನು ಓದುವಾಗ ಮೂರನೆಯ ಪಟ್ಟಿಯೆಲ್ಲಿ ಎಂದು ಕೇಳುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕು.